ಬೋರ್ನಿಯೋದಲ್ಲಿ ಎಂಟು ರಾತ್ರಿ: ಕಿನಬತಂಗನ್ ನದಿಯೋ, ಡಾನಮ್ ಕಾಡೋ?

ಅತ್ತಿಮರ:
ಆಗಸ್ಟ್ ಮೂರನೇ ವಾರ, ಎಂಟು ರಾತ್ರಿ, ನಾಲ್ಕು ಜನ. ಬೋರ್ನಿಯೋದ ಮಲೇಶಿಯಾ ಭಾಗ, ಅದರಲ್ಲೂ ಸಬಾ ರಾಜ್ಯ ಮಾತ್ರ. ಒಬ್ಬರಿಗೆ 66 ವರ್ಷ, ಮೊಣಕಾಲು ಅಷ್ಟಕ್ಕಷ್ಟೆ. ನೋಡಲೇಬೇಕಾದ್ದು ನಾಲ್ಕು: ಒರಾಂಗುಟಾನ್, ಉದ್ದಮೂಗಿನ ಮಂಗ, ಆನೆ, ಮಂಗಟ್ಟೆ. ಟೂರ್‌ನವರು ಕೊಟ್ಟ ಪಟ್ಟಿ: ಸೆಪಿಲೊಕ್ 1 ರಾತ್ರಿ, ಕಿನಬತಂಗನ್ 1, ಆಮೆ ದ್ವೀಪ 1, ಕಿನಬಾಲು ಪಾರ್ಕ್ 2, ಡಾನಮ್ 2, ರಾಜಧಾನಿ ಕೋಟ ಕಿನಬಾಲು 1. ಇದು ಸರಿ ಇದೆಯಾ? ಖರ್ಚು ಇಳಿಸೋಕೆ ನದಿ ಬಿಡೋದಾ, ಡಾನಮ್ ಬಿಡೋದಾ? ಡಾನಮ್ ದರ ನೋಡಿಯೇ ತಲೆ ತಿರುಗ್ತಿದೆ.

ದಾಸಮಂಗಟ್ಟೆ:
ಇದು ಪ್ರವಾಸ ಅಲ್ಲ ಸ್ವಾಮಿ, ಲಗೇಜ್ ಸಾಗಾಟ. ಎಂಟು ರಾತ್ರಿಯಲ್ಲಿ ಆರು ಕಡೆ ಹಾಸಿಗೆ. ನಿಮ್ಮ ನಾಲ್ಕು ಪ್ರಾಣಿಗಳಲ್ಲಿ ಕಿನಬಾಲು ಪಾರ್ಕಿನಲ್ಲಿ ಸಿಗೋದು ಎಷ್ಟು? ಆ ಬೆಟ್ಟ 4,095 ಮೀಟರ್, ಗಿಡ, ಹೂಜಿಗಿಡ, ಗುಡ್ಡಗಾಡಿನ ಹಕ್ಕಿಗಳಿಗೆ ಸ್ವರ್ಗ, ಒಪ್ಪಿದೆ. ಆದರೆ ಆನೆಗಾಗಲಿ ಉದ್ದಮೂಗಿನ ಮಂಗನಿಗಾಗಲಿ ಅಲ್ಲಿ ಕೆಲಸ ಇಲ್ಲ. ಅದು ಪಶ್ಚಿಮಕ್ಕಿದೆ, ನಿಮ್ಮ ಪ್ರಾಣಿಗಳೆಲ್ಲ ಪೂರ್ವದ ತಗ್ಗು ಕಾಡಿನಲ್ಲಿ. ಆ ಎರಡು ರಾತ್ರಿ ಕಿತ್ತು ನದಿಗೆ ಕೊಡಿ.

ಕಿನಬತಂಗನ್‌ನಲ್ಲಿ ಒಂದೇ ರಾತ್ರಿ ಅಂದ್ರೆ ಒಂದು ಸಂಜೆ ದೋಣಿ, ಒಂದು ಬೆಳಗಿನ ದೋಣಿ. ಸಂಜೆ ಮಳೆ ಬಂತೋ, ಮುಗೀತು.

ಕೆಸರುಹಾದಿ:
ನದಿಯೋ ಡಾನಮ್ಮೋ ಅನ್ನೋ ಪ್ರಶ್ನೆಗೆ ಮೊದಲು ಎರಡೂ ಏನು ಅಂತ ಗೊತ್ತಿರಲಿ.

ಕಿನಬತಂಗನ್ 560 ಕಿಲೋಮೀಟರ್ ಉದ್ದದ ನದಿ. ಅದರ ಕೆಳಭಾಗದಲ್ಲಿ ಸುಕಾವು, ಬಿಲಿತ್ ಹಳ್ಳಿಗಳ ಸುತ್ತ ದಡದ ಕಾಡನ್ನು 2005ರಲ್ಲಿ ಅಭಯಾರಣ್ಯ ಮಾಡಿದರು. ಸುಮಾರು 26,000 ಹೆಕ್ಟೇರ್, ಆದರೆ ಒಂದೇ ತುಂಡಲ್ಲ. ನದಿಗುಂಟ ಪೋಣಿಸಿದ ತುಂಡುಗಳು. ಎಷ್ಟೋ ಕಡೆ ದಡದ ಮರಗಳ ಸಾಲು ದಾಟಿದರೆ ಎಣ್ಣೆತಾಳೆ ತೋಟ ಶುರು. ದೋಣಿಯಲ್ಲಿ ಕೂತವನಿಗೆ ಅದು ಕಾಣಲ್ಲ. ಅಲ್ಲಿ ಎರಡೇ ದಿನಕ್ಕೆ ಅಷ್ಟೊಂದು ಪ್ರಾಣಿ ಸಿಗೋದು ಕಾಡು ಸಮೃದ್ಧ ಅಂತ ಮಾತ್ರ ಅಲ್ಲ. ಅವುಗಳಿಗೆ ಹಿಂದೆ ಸರಿಯೋಕೆ ಜಾಗವಿಲ್ಲ, ಅದಕ್ಕೆ ದಡಕ್ಕೆ ಒತ್ತಿಕೊಂಡಿವೆ.

ಡಾನಮ್ ಕಣಿವೆ 438 ಚದರ ಕಿಲೋಮೀಟರ್, ಒಮ್ಮೆಯೂ ಗರಗಸ ಕಾಣದ ಕಾಡು. ಅಲ್ಲಿ ಒರಾಂಗುಟಾನ್ ಎಲ್ಲಿ ಬೇಕಾದರೂ ಇರಬಹುದು, ಅದಕ್ಕೇ ಕಾಣೋದು ಕಷ್ಟ. ನದಿಯಲ್ಲಿ ಪ್ರಾಣಿ ನೋಡ್ತೀರಿ, ಡಾನಮ್‌ನಲ್ಲಿ ಆ ಪ್ರಾಣಿ ಯಾವ ಕಾಡಿಗೆ ಹುಟ್ಟಿದ್ದು ಅಂತ ನೋಡ್ತೀರಿ. ಒಂದೇ ಆರಿಸಬೇಕಂದ್ರೆ, ಮೊಣಕಾಲು ನೋವು ಇರೋರ ಜೊತೆ, ನದಿ. ಎರಡೂ ಆಗುತ್ತೆ ಅಂದ್ರೆ ನದಿ ಮೊದಲು, ಡಾನಮ್ ಆಮೇಲೆ.

ಗಾಳಿಪಟ_77:
ಯಾಕೆ ಆಮೇಲೆ? ಡಾನಮ್ ಮೊದಲು ಮುಗಿಸಿ ನದಿಯಲ್ಲಿ ಆರಾಮಾಗಿ ಕೂರಬಹುದಲ್ಲ.

ಕೆಸರುಹಾದಿ:
ನದಿಯಲ್ಲಿ ಒರಾಂಗುಟಾನ್, ಮಂಗ ಎಲ್ಲ ಕಂಡಾಗಿದ್ರೆ ಡಾನಮ್‌ನಲ್ಲಿ 'ಎಲ್ಲಿ, ಎಲ್ಲಿ' ಅಂತ ಗೈಡ್ ಪ್ರಾಣ ತಿನ್ನಲ್ಲ. ಸುಮ್ಮನೆ ಮರ ನೋಡೋಕೆ, ಸದ್ದು ಕೇಳೋಕೆ ತಯಾರಿರ್ತೀರಿ. ತಿರುಗಾ ಮುರುಗಾ ಮಾಡಿದ್ರೆ ಮೊದಲ ಎರಡು ದಿನ ಹಸಿರು ಗೋಡೆ ಮಾತ್ರ ಕಂಡು ಮುಖ ಸಪ್ಪಗಾಗುತ್ತೆ.

ಹಾರುಬೆಕ್ಕು:
ದಾರಿ ಲೆಕ್ಕಕ್ಕೂ ಅದೇ ಸರಿ. ಕೋಟ ಕಿನಬಾಲುವಿನಿಂದ ಸಂಡಾಕನ್‌ಗೆ ವಿಮಾನ, ಒಂದು ಗಂಟೆಗಿಂತ ಕಡಿಮೆ. ಬಸ್ಸಾದರೆ ಆರು ಗಂಟೆಗೂ ಮೇಲೆ. ಸಂಡಾಕನ್‌ನಿಂದ ಸುಮಾರು 25 ಕಿಲೋಮೀಟರ್ ಸೆಪಿಲೊಕ್. ಅಲ್ಲಿಂದ ಸುಕಾವು ಅಥವಾ ಬಿಲಿತ್‌ಗೆ ಕಾರಲ್ಲಿ ಎರಡು, ಎರಡೂವರೆ ಗಂಟೆ. ನದಿಯಿಂದ ನೇರ ಲಹದ್ ದಾತು ಪಟ್ಟಣಕ್ಕೆ ರಸ್ತೆ ಇದೆ, ಸಂಡಾಕನ್‌ಗೆ ವಾಪಸ್ ಬರೋದು ಬೇಡ. ಲಹದ್ ದಾತುವಿನಿಂದ ಡಾನಮ್‌ಗೆ 80 ಕಿಲೋಮೀಟರ್ ಆಸುಪಾಸು, ಬಹುಪಾಲು ಜಲ್ಲಿ ರಸ್ತೆ, ಎರಡೂವರೆ ಗಂಟೆ ಹಿಡಿಯಿರಿ. ಮುಗಿಸಿ ಲಹದ್ ದಾತುವಿನಿಂದಲೇ ವಿಮಾನ ಹತ್ತಿ ಕೋಟ ಕಿನಬಾಲು.

ಡಾನಮ್ ಗಾಡಿಗಳು ಲಹದ್ ದಾತುವಿನಿಂದ ಬೆಳಿಗ್ಗೆ ಹೊರಡೋದು. ಹಾಗಾಗಿ ನದಿಯ ಕೊನೇ ಬೆಳಗಿನ ದೋಣಿ ಬಿಟ್ಟು ಐದೂವರೆಗೇ ಹೊರಡಬೇಕಾಗಬಹುದು. ಬುಕ್ ಮಾಡುವಾಗಲೇ ಎರಡೂ ಕಡೆಯವರಿಗೆ ಫೋನಿಸಿ ಗಂಟೆ ಹೊಂದಿಸಿ. ಇಲ್ಲಿಯೇ ಬಹಳ ಜನ ಎಡವೋದು.

ಅತ್ತಿಮರ:
ಕಿನಬಾಲು ಪಾರ್ಕ್ ತೆಗೆದೆ. ಆಮೆ ದ್ವೀಪ?

ಕಡಲಾಮೆ:
ನಿಮ್ಮ ನಾಲ್ಕರ ಪಟ್ಟಿಯಲ್ಲಿ ಆಮೆ ಇಲ್ಲ ಅಂದ್ಮೇಲೆ ಬಿಡಿ. ಸುಮ್ಮನೆ ಹೇಳ್ತಿಲ್ಲ. ಸೆಲಿಂಗನ್ ದ್ವೀಪ ಸಂಡಾಕನ್‌ನಿಂದ ಸುಮಾರು 40 ಕಿಲೋಮೀಟರ್ ಸಮುದ್ರದಲ್ಲಿದೆ. ಬೆಳಿಗ್ಗೆ ಹೋಗಿ, ರಾತ್ರಿ ಅಲ್ಲೇ ತಂಗಿ, ಮರುದಿನ ಬರಬೇಕು. ಆಗಸ್ಟ್‌ನಲ್ಲಿ ಹಸಿರಾಮೆ ಚೆನ್ನಾಗಿ ಬರುತ್ತೆ, ಅದು ನಿಜ. ಆದರೆ ಕತ್ತಲಾದ ಮೇಲೆ ಬೀಚಿಗೆ ಕಾಲಿಡೋ ಹಾಗಿಲ್ಲ, ರೇಂಜರ್ ಕರೆಯೋ ತನಕ ಕೂತಿರಬೇಕು. ಎಂಟಕ್ಕೂ ಕರೀಬಹುದು, ನಡುರಾತ್ರಿಗೂ ಕರೀಬಹುದು. ಮೊಟ್ಟೆ ಇಡ್ತಿರೋ ಒಂದು ಆಮೆ ತೋರಿಸ್ತಾರೆ, ಮೊಟ್ಟೆಗಳನ್ನು ಮರಿಕೇಂದ್ರದ ಗುಳಿಗೆ ಹಾಕೋದು ತೋರಿಸ್ತಾರೆ, ಮರಿ ಬಿಡೋದು ತೋರಿಸ್ತಾರೆ. ಅಷ್ಟೇ. ಆಮೆ ಹುಚ್ಚು ಇದ್ದೋರಿಗೆ ಅದು ಸಾಕು.

ಬಸವನಹುಳ:
ಸೆಪಿಲೊಕ್ ಕೂಡ ತೆಗೀರಿ. ವೇದಿಕೆ ಮೇಲೆ ಹಣ್ಣು ಇಟ್ಟು ಒರಾಂಗುಟಾನ್ ಕರೆದು ತೋರಿಸೋದು ಮೃಗಾಲಯಕ್ಕಿಂತ ಯಾವುದರಲ್ಲಿ ಮೇಲು?

ದಾಸಮಂಗಟ್ಟೆ:
@ಬಸವನಹುಳ ಬೇಲಿ ಇಲ್ಲ ಅನ್ನೋದರಲ್ಲಿ. 1964ರಿಂದ ಅಲ್ಲಿ ಅನಾಥ ಒರಾಂಗುಟಾನ್ ಮರಿಗಳನ್ನು ಸಾಕಿ ಕಾಡಿಗೆ ಬಿಡ್ತಾ ಇದ್ದಾರೆ, ಸುತ್ತ ಸುಮಾರು 43 ಚದರ ಕಿಲೋಮೀಟರ್ ಮೀಸಲು ಅರಣ್ಯ. ಬೆಳಿಗ್ಗೆ 10ಕ್ಕೆ, ಮಧ್ಯಾಹ್ನ 3ಕ್ಕೆ ಊಟ ಇಡ್ತಾರೆ. ಬಂದ್ರೆ ಬಂತು. ಕಾಡಲ್ಲಿ ಹಣ್ಣಿನ ಕಾಲ ಇದ್ದರೆ ವೇದಿಕೆ ಖಾಲಿ, ಪ್ರವಾಸಿಗರ ಮುಖ ಬಾಡಿರುತ್ತೆ. ಅಲ್ಲಿನವರಿಗೆ ಮಾತ್ರ ಅದು ಒಳ್ಳೇ ಸುದ್ದಿ: ಪ್ರಾಣಿ ತನ್ನ ಊಟ ತಾನೇ ಹುಡುಕಿಕೊಂಡಿದೆ ಅಂತ.

ಒಂದೆರಡು ವಿಷಯ. ಬ್ಯಾಗು ಲಾಕರಿನಲ್ಲಿಟ್ಟು ಹೋಗಬೇಕು, ಯಾಕಂದ್ರೆ ಅವು ಕಿತ್ಕೊಳ್ತವೆ. ಸೊಳ್ಳೆಮದ್ದಿನ ಬಾಟಲಿಯೂ ಒಳಗೆ ಬೇಡ. ನೆಗಡಿ, ಕೆಮ್ಮು ಇದ್ದರೆ ದಯವಿಟ್ಟು ಹೋಗಬೇಡಿ, ನಮ್ಮ ಶೀತ ಅವಕ್ಕೆ ಸುಲಭವಾಗಿ ಅಂಟುತ್ತೆ. ಪಕ್ಕದಲ್ಲೇ ಬಿಸಿಲುಕರಡಿ ಕೇಂದ್ರ ಇದೆ, ಜಗತ್ತಿನ ಅತಿ ಸಣ್ಣ ಕರಡಿ ಅದು. ಎರಡೂ ಒಂದೇ ಅರ್ಧ ದಿನದಲ್ಲಿ ಆಗುತ್ತೆ, ಎಲ್ಲ ಹಲಗೆ ಹಾದಿ, ಮೊಣಕಾಲಿಗೆ ತೊಂದರೆ ಇಲ್ಲ.

ಹಾರುಬೆಕ್ಕು:
ಸೆಪಿಲೊಕ್‌ನಲ್ಲಿ ನನ್ನ ಮಟ್ಟಿಗೆ ಒರಾಂಗುಟಾನ್‌ಗಿಂತ ಮುಖ್ಯ ಅಲ್ಲಿಂದ ಕೂಗಳತೆಯಲ್ಲಿರೋ ಮಳೆಕಾಡು ಕೇಂದ್ರ. 347 ಮೀಟರ್ ಉದ್ದದ ಉಕ್ಕಿನ ಕಾಲುಸೇತುವೆ, ಮರದ ತಲೆಗಳ ಮಟ್ಟದಲ್ಲಿ. ಅಲುಗಾಡಲ್ಲ, ಮೆಟ್ಟಿಲು ನಿಧಾನಕ್ಕೆ ಹತ್ತಿದರೆ ಹಿರಿಯರಿಗೂ ಸಾಧ್ಯ. ಸಂಜೆ ಐದೂವರೆಗೆ ಮೇಲೆ ಇರಿ. ಬೆಳಕು ಹೋಗ್ತಾ ಹೋಗ್ತಾ ಕೆಂಪು ದೈತ್ಯ ಹಾರುಬೆಕ್ಕು ಪೊಟರೆಯಿಂದ ತಲೆ ಹೊರಗಿಡುತ್ತೆ, ಕೊಂಬೆ ತುದಿಗೆ ಹತ್ತುತ್ತೆ, ಎರಡು ಸಲ ತಲೆ ಮೇಲೆ ಕೆಳಗೆ ಆಡಿಸಿ ದೂರ ಅಳೆಯುತ್ತೆ, ಆಮೇಲೆ ಬಿಡುತ್ತೆ. ಹಾರೋದು ಅಲ್ಲ, ತೇಲೋದು. ಇಳಿಯೋ ಮುಂಚೆ ಮೈಯನ್ನು ನೆಟ್ಟಗೆ ಎತ್ತಿ ವೇಗ ಮುರಿದು ಕಾಂಡಕ್ಕೆ ಅಂಟಿಕೊಳ್ಳುತ್ತೆ. ಕ್ಯಾಮೆರಾ ತೆಗೆಯೋ ಹೊತ್ತಿಗೆ ಮುಗಿದಿರುತ್ತೆ, ಕಣ್ಣಲ್ಲೇ ನೋಡಿ.

ಸಂಜೆ ನಡಿಗೆಗೆ ಮೊದಲೇ ಹೆಸರು ಬರೆಸಬೇಕು. ಅದಕ್ಕೇ ಸೆಪಿಲೊಕ್‌ಗೆ ಎರಡು ರಾತ್ರಿ.

ಹೆಸರಿಲ್ಲದವ:
ಗೊಮಂತೋಂಗ್ ಗುಹೆ ದಾರಿಯಲ್ಲೇ ಸಿಗುತ್ತಲ್ಲ?

ಕೆಸರುಹಾದಿ:
ಸಿಗುತ್ತೆ, ಸುಕಾವು ದಾರಿಯಲ್ಲಿ. ಆದರೆ ಒಂದು ಸಿಕ್ಕು. ಬಾವಲಿಗಳು ಹೊರಬರೋದು ಸಂಜೆ, ನಿಮ್ಮ ದೋಣಿ ಹೊರಡೋದೂ ಸಂಜೆ ನಾಲ್ಕಕ್ಕೆ. ಎರಡರಲ್ಲಿ ಒಂದು. ಜೋರು ಮಳೆ ಇದ್ದರೆ ಬಾವಲಿ ಬರೋದೂ ಇಲ್ಲ. ಹಗಲು ಹೋದರೆ ಗೂಡುಗಳನ್ನು ನೋಡಬಹುದು: ಬಾನಾಡಿ ಹಕ್ಕಿ ತನ್ನ ಎಂಜಲಿಂದ ಕಟ್ಟುವ, ಚೀನೀಯರು ಸೂಪಿಗೆ ಹಾಕೋ ಗೂಡು. ಸಿಮುದ್ ಹಿತಮ್ ಅನ್ನೋ ಗುಹೆಯೊಳಗೆ ಸುತ್ತ ಹಲಗೆ ಹಾದಿ ಇದೆ. ಗೂಡು ಇಳಿಸೋರ ಬೆತ್ತದ ಏಣಿಗಳು ಮಾಡಿನಿಂದ ನೇತಾಡ್ತಿರುತ್ವೆ. ಟೋಪಿ ಹಾಕಿ, ಮೇಲೆ ನೋಡುವಾಗ ಬಾಯಿ ಮುಚ್ಚಿ. ಪಕ್ಕದ ಕಂಬಿ ಹಿಡಿಯಲೇಬೇಡಿ: ಹಿಕ್ಕೆಯ ಪಾಚಿ, ಅದರ ಮೇಲೆ ಜಿರಲೆ ಮೆರವಣಿಗೆ. ಜಿರಲೆ ಕಂಡ್ರೆ ಆಗದವರು ಗಾಡಿಯಲ್ಲೇ ಇರಲಿ.

ಅತ್ತಿಮರ:
ಜಿರಲೆ ವಿಷಯ ಮನೆಯಲ್ಲಿ ಹೇಳಲ್ಲ. ನದಿಯಲ್ಲಿ ಮೂರು ರಾತ್ರಿ ಇಡ್ತೇನೆ. ದೋಣಿಯವರಿಗೆ ಏನಂತ ಕೇಳಬೇಕು?

ಮೀಂಚುಳ್ಳಿ:
ಮೂರು ಪ್ರಶ್ನೆ. ದೋಣಿಯಲ್ಲಿ ಎಷ್ಟು ಜನ? ಕವಲು ಹಳ್ಳದೊಳಗೆ ವಿದ್ಯುತ್ ಮೋಟಾರು ಹಾಕ್ತೀರಾ? ಎಲ್ಲ ಸಂಜೆಯೂ ಒಂದೇ ಹಳ್ಳಕ್ಕೆ ಕರ್ಕೊಂಡು ಹೋಗ್ತೀರಾ?

ಸುಕಾವು ಹತ್ತಿರದ ಮೆನಂಗುಲ್ ಹಳ್ಳ ಹೆಸರುವಾಸಿ, ಕಿರಿದು, ಎರಡೂ ದಡ ಹತ್ತಿರ. ಅದಕ್ಕೇ ಆಗಸ್ಟ್‌ನಲ್ಲಿ ಸಂಜೆ ನಾಲ್ಕೂವರೆಗೆ ಅಲ್ಲಿ ದೋಣಿ ಜಾತ್ರೆ. ಬಿಲಿತ್ ಕಡೆ ಉಳಿದರೆ ತೆನೆಗಾಂಗ್ ಹಳ್ಳ ಇದೆ, ಬಿಲ್ಲಿನಾಕಾರದ ಕೆರೆಗಳಿವೆ. ಕೆಲವು ಕೆರೆಗಳಲ್ಲಿ ತೇಲು ಜರಿಗಿಡ ತುಂಬಿ ದೋಣಿ ಹೋಗಲ್ಲ, ಆ ವಾರ ಯಾವುದು ತೆರೆದಿದೆ ಅಂತ ಕೇಳಿ.

ಉದ್ದಮೂಗಿನ ಮಂಗ ಸಂಜೆ ಯಾಕೆ ಗ್ಯಾರಂಟಿ ಅಂದ್ರೆ, ಹಗಲೆಲ್ಲ ಕಾಡೊಳಗೆ ಎಲೆ ತಿಂದು ರಾತ್ರಿ ಮಲಗೋಕೆ ನೀರಂಚಿನ ಮರಕ್ಕೇ ಬರುತ್ತೆ. ಒಂದು ಕಡೆ ನೀರಿದ್ದರೆ ಮರ ಹತ್ತಿ ಬೇಟೆಯಾಡೋ ಮೋಡಚಿರತೆ ಬರೋ ದಾರಿ ಅರ್ಧ ಕಡಿಮೆ. ಬೆಳಿಗ್ಗೆ ಏಳರ ನಂತರ ಮತ್ತೆ ಒಳಗೆ. ಅವುಗಳ ಡೊಳ್ಳು ಹೊಟ್ಟೆ ನೋಡಿ ನಗಬೇಡಿ, ಅದು ಎಲೆ ಹುಳಿಯೋ ಹಂಡೆ. ಹೊಟ್ಟೆಯಲ್ಲಿ ಹಲವು ಕೋಣೆ, ಹೆಚ್ಚಾಗಿ ತಿನ್ನೋದು ಎಲೆ, ಕಾಯಿ. ಸಿಹಿ ಹಣ್ಣು ತಿಂದರೆ ಅದು ಬೇಗ ಹುಳಿದು ಹೊಟ್ಟೆ ಉಬ್ಬರಿಸಿ ಕೂರುತ್ತೆ.

ತೆಂಕಣಗಾಳಿ:
ಸ್ಥಳೀಯರು ಅದನ್ನು 'ಮೊನ್ಯೆತ್ ಬೆಲಾಂದಾ' ಅಂತಾರೆ, ಡಚ್ಚರ ಮಂಗ. ಕೆಂಪು ಮುಖ, ದಪ್ಪ ಮೂಗು, ಹೊಟ್ಟೆ ನೋಡಿ ಇಟ್ಟ ಹೆಸರಂತೆ. ವಸಾಹತು ಆಡಳಿತಕ್ಕೆ ಇದಕ್ಕಿಂತ ಒಳ್ಳೇ ಪ್ರಶಸ್ತಿ ಉಂಟಾ ಮಾರಾಯ್ರೇ?

ಮೀಂಚುಳ್ಳಿ:
ಹಹ್ಹ. ಇನ್ನೊಂದು ಮುಖ್ಯ ವಿಷಯ, ಒರಾಂಗುಟಾನ್ ಹುಡುಕೋದು. ಪ್ರಾಣಿ ಹುಡುಕಬೇಡಿ, ಗೂಡು ಹುಡುಕಿ. ಅದು ದಿನಾ ಸಂಜೆ ಕೊಂಬೆ ಬಾಗಿಸಿ ಹೊಸ ಗೂಡು ಕಟ್ಟುತ್ತೆ. ಗೂಡಿನ ಎಲೆ ಕಂದಾಗಿದ್ದರೆ ಹಳೇದು. ಹಸಿರಾಗಿದ್ದರೆ ಪ್ರಾಣಿ ಆಸುಪಾಸಿನಲ್ಲೇ ಇದೆ. ಮಬ್ಬುಗತ್ತಲಲ್ಲಿ ಕಟ್ಟೋದನ್ನೇ ಕಂಡರೆ ಮಾತೇ ಇಲ್ಲ, ಮರುದಿನ ಬೆಳಿಗ್ಗೆ ಐದೂಮುಕ್ಕಾಲಿಗೆ ಅದೇ ಮರದ ಕೆಳಗೆ ದೋಣಿ ನಿಲ್ಲಿಸಿ, ಎದ್ದು ಬರುತ್ತೆ. ಗೈಡ್‌ಗೆ ಮೊದಲ ಪ್ರಶ್ನೆ 'ಒರಾಂಗುಟಾನ್ ಎಲ್ಲಿ' ಅಲ್ಲ, 'ಅತ್ತಿ ಎಲ್ಲಿ ಹಣ್ಣಾಗಿದೆ' ಅಂತ. ನಿಮ್ಮ ಹೆಸರೇ ಅತ್ತಿಮರ, ಮರೆಯಲ್ಲ ಬಿಡಿ.

ಗಾಳಿಪಟ_77:
ಒರಾಂಗುಟಾನ್ ನದಿ ದಾಟೋಕೆ ಹಗ್ಗದ ಸೇತುವೆ ಕಟ್ಟಿದ್ದಾರಂತಲ್ಲ, ನಿಜವಾ?

ಕೆಸರುಹಾದಿ:
ನಿಜ. ಅದಕ್ಕೆ ಈಜು ಬರಲ್ಲ. ಹಿಂದೆ ಎರಡು ದಡದ ಹೆಮ್ಮರಗಳು ಕಿರುಹಳ್ಳದ ಮೇಲೆ ಕೊಂಬೆಗೆ ಕೊಂಬೆ ತಾಗಿಸ್ತಿದ್ದವು, ಅವನ್ನು ಕಡಿದ ಮೇಲೆ ದಾರಿ ಕಡಿದುಹೋಯ್ತು. ಹಗ್ಗ, ಅಗ್ನಿಶಾಮಕದ ಹಳೇ ಹೋಸು ಬಳಸಿ ಕಟ್ಟಿದ್ದಾರೆ. ಮನುಷ್ಯರಿಗೆ ಕಟ್ಟಬೇಕೆಂದಿದ್ದ ಸುಕಾವು ಸೇತುವೆ ಯೋಜನೆಯನ್ನು 2017ರಲ್ಲಿ ಕೈಬಿಟ್ಟರು, ಆನೆ ದಾರಿಗೆ ಅಡ್ಡ ಬರುತ್ತೆ ಅಂತ ಗಲಾಟೆ ಆಗಿ.

ಬಸವನಹುಳ:
ಆನೆ ಗ್ಯಾರಂಟಿನಾ ಹಾಗಾದ್ರೆ?

ಮೀಂಚುಳ್ಳಿ:
ಆನೆಗೆ ಯಾರೂ ಗ್ಯಾರಂಟಿ ಕೊಡಲ್ಲ, ಕೊಟ್ಟೋನು ಸುಳ್ಳ. ಬೋರ್ನಿಯೋ ಆನೆ ಸುಮಾರು 1,000 ಮಾತ್ರ ಉಳಿದಿವೆ, 2024ರಲ್ಲಿ ಅಳಿವಿನಂಚಿನ ಪಟ್ಟಿಗೆ ಪ್ರತ್ಯೇಕವಾಗಿ ಸೇರಿಸಿದರು. ಹಿಂಡು ನದಿಗುಂಟ ಮೇಲೆ ಕೆಳಗೆ ಓಡಾಡ್ತಾ ಇರುತ್ತೆ. ದೋಣಿಯವರೆಲ್ಲ ಫೋನಿನಲ್ಲಿ ಪರಸ್ಪರ ತಿಳಿಸ್ತಾರೆ. ದೂರ ಇದ್ದರೆ ಇಂಧನದ ಹಣ ಹೆಚ್ಚಿಗೆ ಕೇಳಬಹುದು, ಕೊಡಿ. ಮೂರು ರಾತ್ರಿ ಇಡಿ ಅಂದದ್ದು ಮುಖ್ಯವಾಗಿ ಇದಕ್ಕೇ. ಹಿಂಡು ನೀರು ದಾಟ್ತಿದ್ದರೆ ಮುಂದೆ ಅಡ್ಡ ಹೋಗೋಕೆ ಬಿಡಬೇಡಿ. ಮರಿ ಹಿಂದೆ ಉಳಿಯುತ್ತೆ, ತಾಯಿ ತಿರುಗುತ್ತೆ.

ಚಿತ್ತಾರ_ಕ್ಯಾಮೆರಾ:
ಕ್ಯಾಮೆರಾ ಬಗ್ಗೆ ಯಾರೂ ಹೇಳವಲ್ರಿ, ನಾನ ಹೇಳತೇನಿ. ಎಸಿ ರೂಮಿನ್ಯಾಗ ಇಟ್ಟ ಕ್ಯಾಮೆರಾ ಹೊರಗ ತಂದ್ರ ಲೆನ್ಸ್ ಮ್ಯಾಲ ಮಂಜು ಕೂಡತೈತಿ. ಒರೆಸಿದ್ರ ಮತ್ತ ಕೂಡತೈತಿ. ಅರ್ಧ ತಾಸು, ಮುಕ್ಕಾಲು ತಾಸು ಹೋಗೂದಿಲ್ಲ, ಅಷ್ಟರಾಗ ಬೆಳಗಿನ ದೋಣಿ ಮುಗದಿರತೈತಿ. ರಾತ್ರಿ ಬ್ಯಾಗ್ ಬಾತ್‌ರೂಮಿನ್ಯಾಗರ ಇಡ್ರಿ, ಇಲ್ಲಾ ಎಸಿ ಆರಿಸಿ ಮಲಕೋರಿ. ಮಂಜು ಕೂತಾಗ ಲೆನ್ಸ್ ಬಿಚ್ಚಬ್ಯಾಡ್ರಿ, ಒಳಗೂ ಕೂಡತೈತಿ.

ದೋಣಿ ಮ್ಯಾಲ ಟ್ರೈಪಾಡ್ ಉಪಯೋಗ ಇಲ್ಲ, ಎಂಜಿನ್ ನಡುಕ ಎಲ್ಲಾ ಲೆನ್ಸಿಗೆ ಬರತೈತಿ. 100-400 ಲೆನ್ಸ್, 1/500ಕ್ಕಿಂತ ಕಡಿಮಿ ಬ್ಯಾಡ. ಮಂಗ ಕೂಡೂದು ಬಿಳಿ ಆಕಾಶದ ಮುಂದ, ಕ್ಯಾಮೆರಾ ಮೋಸ ಹೋಗಿ ಮಂಗ್ಯಾನ ಕರಿ ಗೊಂಬಿ ಮಾಡತೈತಿ. ಎಕ್ಸ್‌ಪೋಷರ್ +1ರಿಂದ +1.7 ಏರಿಸ್ರಿ. ಡಾನಮ್ ಕಾಡಿನ ಒಳಗ ಮಾತು ಬ್ಯಾರೆ: ಎಫ್5.6, ಐಎಸ್ಒ 3200 ಇಟ್ರೂ 1/60 ಬಂದ್ರ ಪುಣ್ಯ. ಅಲ್ಲಿ ಮರಕ್ಕ ಆನಕೊಂಡು ಉಸಿರು ಹಿಡೀರಿ.

ಮತ್ತೊಂದು, ಡೀಟ್ ಇರೋ ಸೊಳ್ಳಿ ಎಣ್ಣಿ ಕೈಗೆ ಹಚ್ಚಿ ಕ್ಯಾಮೆರಾ ಹಿಡದ್ರ ರಬ್ಬರ್ ಅಂಟಂಟು ಆಗತೈತಿ, ಕೆಲವು ಪ್ಲಾಸ್ಟಿಕ್ ಕರಗತೈತಿ. ಕೈ ಹಿಂಭಾಗದಿಂದ ಹಚ್ಚಕೋರಿ.

ಅತ್ತಿಮರ:
ಇದು ಗೊತ್ತೇ ಇರಲಿಲ್ಲ! ಇಂಬಳ ಎಷ್ಟು ಕಷ್ಟ ಕೊಡುತ್ತೆ? ಆ ವಿಶೇಷ ಸಾಕ್ಸ್ ಬೇಕಾ?

ಗಾಳಿಪಟ_77:
ಬೇಡ, ಕಚ್ಚಿದರೆ ಬೆಂಕಿಕಡ್ಡಿ ತೋರಿಸಿದ್ರೆ ಉದುರುತ್ತೆ.

ತೆಂಕಣಗಾಳಿ:
@ಗಾಳಿಪಟ_77 ಹಾಗೆ ಮಾಡ್ಬಾರ್ದು ಮಾರಾಯ್ರೇ. ಸುಟ್ಟರೆ ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಕ್ಕಿ ಬೀಳ್ತದೆ, ಕೀವಾಗ್ಲಿಕ್ಕೆ ಅದು ಸಾಕು. ತೆಳು ತುದಿ ಇರ್ತದಲ್ಲ, ಅದು ಬಾಯಿ. ಅದರ ಅಡಿಗೆ ಉಗುರು ಜಾರಿಸಿ ಬಿಡಿಸಿ, ಆಮೇಲೆ ದಪ್ಪ ತುದಿ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಮದ್ದು ಬಿಟ್ಟಿರ್ತದೆ, ಹಾಗಾಗಿ ಗಂಟೆಗಟ್ಟಲೆ ಒಸರ್ತದೆ. ಹೆದರ್ಬೇಡಿ, ಒತ್ತಿ ಪ್ಲಾಸ್ಟರ್ ಹಾಕಿ. ರಕ್ತ ತೆಳು ಮಾಡುವ ಮಾತ್ರೆ ತೆಗೊಳ್ಳುವವರು ಮಾತ್ರ ಮೊದಲೇ ಡಾಕ್ಟರಲ್ಲಿ ಕೇಳಿ.

ಅಲ್ಲಿ ಎರಡು ಜಾತಿ. ಕಂದು ಇಂಬಳ ನೆಲದಿಂದ ಬರ್ತದೆ, ಕಚ್ಚಿದ್ದು ಗೊತ್ತೇ ಆಗುದಿಲ್ಲ. ಪಟ್ಟೆಯ ಹುಲಿ ಇಂಬಳ ಸೊಂಟದ ಎತ್ತರದ ಎಲೆ ಮೇಲೆ ಕಾದಿರ್ತದೆ, ಕಚ್ಚಿದ್ರೆ ಚುರ್ ಅಂತದೆ. ಅದಕ್ಕೇ ಸಾಕ್ಸ್ ಒಂದೇ ಸಾಲದು, ಅಂಗಿ ಪ್ಯಾಂಟಿನೊಳಗೆ ತುರುಕಿ. ಸಾಕ್ಸ್ ಮೊಣಕಾಲಿನವರೆಗೆ ಬರುವ ಒತ್ತು ನೇಯ್ಗೆಯ ಬಟ್ಟೆಯದ್ದು, ಪ್ಯಾಂಟಿನ ಮೇಲೆ ಹಾಕಿ ಕಟ್ಟುದು, ಅದರ ಮೇಲೆ ಶೂ.

ನದಿಯಲ್ಲಿ ದೋಣಿಗೆ ಇದ್ಯಾವುದೂ ಬೇಡ. ಡಾನಮ್‌ಗೆ ಬೇಕೇ ಬೇಕು.

ಹಾರುಬೆಕ್ಕು:
ಶೂ ವಿಷಯ ಬಂತು ಅಂತ: ದುಬಾರಿ ಟ್ರೆಕಿಂಗ್ ಶೂ ಒದ್ದೆಯಾದರೆ ಅಲ್ಲಿ ಒಣಗಲ್ಲ, ಮೂರನೇ ದಿನ ನಾರುತ್ತೆ. ಸಬಾದ ಗೈಡ್‌ಗಳು ಹಾಕೋದು ಪೂರ್ತಿ ರಬ್ಬರಿನ, ತಳದಲ್ಲಿ ಗುಬ್ಬಿಗಳಿರೋ ಅಗ್ಗದ ಶೂ. 'ಅಡಿಡಾಸ್ ಕಂಪೊಂಗ್' ಅಂತ ತಮಾಷೆ ಹೆಸರು, ಅಂದ್ರೆ ಹಳ್ಳಿ ಅಡಿಡಾಸ್. ಕೆಸರಲ್ಲಿ ಜಾರಲ್ಲ, ತೊಳೆದು ಬಗ್ಗಿಸಿದರೆ ಒಣಗಿತು. ಒಂದು ಸೈಜ್ ದೊಡ್ಡದು ತಗೊಳ್ಳಿ, ದಪ್ಪ ಸಾಕ್ಸ್ ಇಲ್ಲದಿದ್ರೆ ಹಿಮ್ಮಡಿ ಸುಲಿಯುತ್ತೆ.

ವೈದ್ಯ_ಅಲೆಮಾರಿ:
ಇಂಬಳದಿಂದ ರೋಗ ಬರಲ್ಲ, ಸೊಳ್ಳೆಯಿಂದ ಬರುತ್ತೆ. ಸಬಾದಲ್ಲಿ ಈಗ ಇರೋದು ಮಂಗಗಳಿಂದ ಬರುವ ನೋಲೆಸಿ ಮಲೇರಿಯಾ. ಉದ್ದಬಾಲದ, ಹಂದಿಬಾಲದ ಮಂಗಗಳಲ್ಲಿ ಅದು ಇರುತ್ತೆ, ಕಾಡಂಚಿನ ಸೊಳ್ಳೆ ಮನುಷ್ಯರಿಗೆ ದಾಟಿಸುತ್ತೆ. ರಕ್ತದಲ್ಲಿ ಇದರ ರೋಗಾಣು ಹೆಚ್ಚೋ ಚಕ್ರ 24 ಗಂಟೆ, ಬೇರೆ ಮಲೇರಿಯಾದ ಹಾಗೆ ಎರಡು ಮೂರು ದಿನ ಅಲ್ಲ. ಹಾಗಾಗಿ ಬೇಗ ಬಿಗಡಾಯಿಸುತ್ತೆ. ಮಾತ್ರೆ ಬೇಕೋ ಬೇಡವೋ ಅನ್ನೋದನ್ನು ಪ್ರಯಾಣಕ್ಕೆ ಒಂದು ತಿಂಗಳು ಮುಂಚೆ ವೈದ್ಯರ ಹತ್ತಿರ ತೀರ್ಮಾನಿಸಿ, ಅದರಲ್ಲೂ 66ರವರಿಗೆ. ವಾಪಸ್ ಬಂದು ಒಂದು ತಿಂಗಳೊಳಗೆ ಜ್ವರ ಬಂದರೆ 'ಬೋರ್ನಿಯೋ ಕಾಡಿಗೆ ಹೋಗಿದ್ದೆ' ಅಂತ ಮೊದಲ ವಾಕ್ಯದಲ್ಲೇ ಹೇಳಿ. ತ್ವರಿತ ಪರೀಕ್ಷೆ ಇದನ್ನು ತಪ್ಪಿಸಿಬಿಡಬಹುದು. ಸೂಕ್ಷ್ಮದರ್ಶಕದಲ್ಲೂ ಇದು 'ಮಲೇರಿಯೆ' ಅನ್ನೋ ಸಾಧು ಸ್ವಭಾವದ ಇನ್ನೊಂದು ಮಲೇರಿಯಾ ಜಾತಿಯ ಥರವೇ ಕಾಣುತ್ತೆ.

ಹೆಸರಿಲ್ಲದವ:
ಲಹದ್ ದಾತುವಿನ ಇನ್ನೊಂದು ಕಡೆ ತಬಿನ್ ಅಭಯಾರಣ್ಯದಲ್ಲಿ ಘೇಂಡಾಮೃಗ ಇದೆಯಂತೆ, ಅಲ್ಲಿಗೂ ಹೋಗಿ.

ಕೆಸರುಹಾದಿ:
ಇತ್ತು. ಮಲೇಶಿಯಾದ ಕೊನೇ ಸುಮಾತ್ರಾ ಘೇಂಡಾಮೃಗ ಇಮಾನ್, 2019ರ ನವೆಂಬರ್‌ನಲ್ಲಿ ತಬಿನ್‌ನಲ್ಲೇ ಸತ್ತಿತು. ಕೊನೇ ಗಂಡು ಅದೇ ವರ್ಷ ಮೇನಲ್ಲಿ. ಹಳೇ ಬ್ರೋಷರ್‌ಗಳಲ್ಲಿ ಫೋಟೋ ಈಗಲೂ ಇದೆ.

ಬಸವನಹುಳ:
ಎಲ್ಲ ತಾಳೆ ಎಣ್ಣೆ ಮಾಡಿದ ಕೆಲಸ. ತಾಳೆ ಎಣ್ಣೆ ಇರೋ ಬಿಸ್ಕತ್ತು ಬಿಟ್ಟುಬಿಡಿ, ಕಾಡು ಉಳಿಯುತ್ತೆ.

ದಾಸಮಂಗಟ್ಟೆ:
ಒಂದು ಹೆಕ್ಟೇರಿಗೆ ಸೋಯಾ ಕೊಡೋ ಎಣ್ಣೆಯ ಹಲವು ಪಟ್ಟು ತಾಳೆ ಕೊಡುತ್ತೆ. ಅದನ್ನು ಬಿಟ್ಟು ಸೋಯಾಕ್ಕೆ ಹೋದರೆ ಬೇರೆಲ್ಲೋ ಅದಕ್ಕಿಂತ ಹೆಚ್ಚು ಕಾಡು ಹೋಗುತ್ತೆ. ಎಲ್ಲಿ ನೆಟ್ಟರು, ದಡದ ಪಟ್ಟಿ ಬಿಟ್ಟರಾ ಅನ್ನೋದು ಪ್ರಶ್ನೆ. ಮತ್ತೆ ಘೇಂಡಾಮೃಗ ಮುಗಿದದ್ದು ಮುಖ್ಯವಾಗಿ ಕೊಂಬಿನ ಬೇಟೆಗೆ, ಆಮೇಲೆ ಉಳಿದವು ಒಂದಕ್ಕೊಂದು ಸಿಗದಷ್ಟು ದೂರ ದೂರ ಆಗಿದ್ದಕ್ಕೆ.

ನಿರ್ವಾಹಕ:
ಎಣ್ಣೆ ಜಗಳಕ್ಕೆ ಬೇರೆ ಎಳೆ ತೆರೆಯಿರಿ. ಇಲ್ಲಿ ಪ್ರಯಾಣ.

ಓಲೆಗರಿ:
ಇಷ್ಟೆಲ್ಲ ಯಾಕೆ, ಇಂಡೊನೇಶಿಯಾ ಕಡೆ ತಂಜುಂಗ್ ಪುತಿಂಗ್‌ಗೆ ಹೋಗಲಿ. ಕ್ಲೊಟೊಕ್ ಅನ್ನೋ ಮರದ ದೋಣಿಯಲ್ಲೇ ಊಟ, ಅದರಲ್ಲೇ ನಿದ್ದೆ. 1971ರಿಂದ ಬಿರುಟೆ ಗಾಲ್ಡಿಕಾಸ್ ಒರಾಂಗುಟಾನ್ ಅಧ್ಯಯನ ಮಾಡಿದ ಕ್ಯಾಂಪ್ ಲೀಕಿ ಅಲ್ಲೇ ಇರೋದು. ಸಬಾಕ್ಕಿಂತ ಖರ್ಚು ಕಡಿಮೆ.

ಹಾರುಬೆಕ್ಕು:
ಒಳ್ಳೇ ಜಾಗ, ಆದರೆ ಅದು ಬೇರೆ ದೇಶ, ಬೇರೆ ದುಡ್ಡು, ಬೇರೆ ವಿಮಾನ. ಸಬಾದ ಆನೆ ಅಲ್ಲಿಲ್ಲ. ರಾತ್ರಿ ದೋಣಿಯ ನೆಲದ ಮೇಲೆ ಹಾಸಿಗೆ, 66ರ ಮೊಣಕಾಲಿಗೆ ಏಳೋದು ಕೂರೋದು ಶಿಕ್ಷೆ. ಇವರ ಪಟ್ಟಿಗೆ ಅದು ಉತ್ತರ ಅಲ್ಲ.

ಅತ್ತಿಮರ:
ಡಾನಮ್‌ನಲ್ಲಿ ಮೊಣಕಾಲಿನವರು ಏನು ಮಾಡಬಹುದು?

ಕೆಸರುಹಾದಿ:
ಅಲ್ಲಿ ಪ್ರವಾಸಿ ಲಾಡ್ಜ್ ಒಂದು, ಸಂಶೋಧನಾ ಕೇಂದ್ರ ಇನ್ನೊಂದು. ಕೇಂದ್ರ ಅಗ್ಗ, ಆದರೆ ನೂಕುನುಗ್ಗಲು, ಬಹಳ ಮುಂಚೆ ಕೇಳಬೇಕು. ನಿಮಗೆ ಲಾಡ್ಜ್. ಅದರ ಹತ್ತಿರದ ತೂಗುಸೇತುವೆ ನಡಿಗೆ ಸುಮಾರು 300 ಮೀಟರ್ ಉದ್ದ, 27 ಮೀಟರ್ ಎತ್ತರ, ಇದು ಅಲುಗಾಡುತ್ತೆ. ಆದರೆ ಹತ್ತೋದು ಇಳಿಯೋದು ಕಡಿಮೆ. ಬೆಳಿಗ್ಗೆ ಆರಕ್ಕೆ ಮಂಜು ಏಳೋ ಮುಂಚೆ ಹೋಗಿ. ಶವಪೆಟ್ಟಿಗೆ ಬಂಡೆ ಅಂತ ಒಂದು ಏರು ದಾರಿ ಇದೆ, ಪುರಾತನ ಮರದ ಶವಪೆಟ್ಟಿಗೆಗಳು ಇರೋ ಜಾಗ, ಮೇಲಿಂದ ನೋಟ ಚೆನ್ನ. ಅದು ಅವರಿಗೆ ಬೇಡ, ಇಳಿಜಾರು ಕೆಸರು. ರಾತ್ರಿ ಗಾಡಿ ಸವಾರಿ ಕೂತೇ ಆಗುತ್ತೆ.

ಮರಗಳು ದೂಪ, ಸಾಲ ಮರಗಳ ವಂಶದವೇ, ಆದರೆ ಅಳತೆ ಬೇರೆ. 100.8 ಮೀಟರ್ ಎತ್ತರದ ಹಳದಿ ಮೆರಂತಿ ಡಾನಮ್‌ನಲ್ಲೇ ಸಿಕ್ಕಿದ್ದು. ಈ ಮರಗಳು ಹಲವು ವರ್ಷಕ್ಕೊಮ್ಮೆ ಒಟ್ಟಿಗೇ ಹೂಬಿಟ್ಟು ಒಟ್ಟಿಗೇ ಕಾಯಿ ಸುರಿಸ್ತವೆ. ಅದು ಯಾವ ವರ್ಷ ಅಂತ ಬುಕಿಂಗ್ ಮಾಡೋಕಾಗಲ್ಲ.

ಕಾಡುಪಾಪ:
ರಾತ್ರಿ ನಡಿಗೆಗೆ ಒಂದು ಗುಟ್ಟು. ಟಾರ್ಚನ್ನು ಹಣೆಗೆ, ಕಣ್ಣಿನ ಮಟ್ಟಕ್ಕೆ ಕಟ್ಟಿ. ಸೊಂಟದ ಹತ್ತಿರ ಹಿಡಿದರೆ ಪ್ರಾಣಿಯ ಕಣ್ಣಿನಿಂದ ಮರಳೋ ಬೆಳಕು ನಿಮ್ಮ ಕಣ್ಣಿಗೆ ಬರಲ್ಲ. ನೆಲದಲ್ಲಿ ಸಣ್ಣ ನೀಲಿಹಸಿರು ಚುಕ್ಕಿ ಅಂದ್ರೆ ಜೇಡ. ಮೇಲೆ ಕಿತ್ತಳೆ ಕೆಂಡದ ಹಾಗೆ ನಿಧಾನ ಚಲಿಸಿದರೆ ಲೋರಿಸ್, ನಮ್ಮ ಕಾಡುಪಾಪದ ನೆಂಟ. ಟಾರ್ಸಿಯರ್ ಅನ್ನೋ ಪುಟ್ಟ ರಾತ್ರಿಪ್ರಾಣಿಯ ಕಣ್ಣು ಮಾತ್ರ ಹೊಳೆಯಲ್ಲ. ಒಂದೊಂದು ಕಣ್ಣು ಮೆದುಳಿಗಿಂತ ಭಾರ, ಆದರೂ ಹಿಂದೆ ಬೆಳಕು ಮರಳಿಸೋ ಕನ್ನಡಿಯಂಥ ಪದರ ಇಲ್ಲ. ಅದನ್ನು ಹುಡುಕಬೇಕಾದ್ದು ನೆಟ್ಟಗಿನ ತೆಳು ಕಾಂಡಗಳ ಮೇಲೆ, ನೆಲದಿಂದ ಒಂದೆರಡು ಮೀಟರ್‌ನಲ್ಲಿ, ಮುಷ್ಟಿಯಷ್ಟು ಉಂಡೆ. ಕಂಡಾಗ ಬೆಳಕನ್ನು ಮುಖಕ್ಕೆ ನೇರ ಬಿಡಬೇಡಿ, ಅಂಚಿಗೆ ಹಿಡಿಯಿರಿ.

ದಾಸಮಂಗಟ್ಟೆ:
ಮಂಗಟ್ಟೆ ಬಗ್ಗೆ ನಾನು ಹೇಳದಿದ್ದರೆ ಹೆಸರಿಗೆ ಅವಮಾನ. ಬೋರ್ನಿಯೋದ ಎಂಟೂ ಜಾತಿ ಕಿನಬತಂಗನ್‌ನಲ್ಲಿವೆ. ಕಪ್ಪುಬಿಳಿ ಚಿಕ್ಕದು ದಡದಲ್ಲಿ ದಿನಾ ಸಿಗುತ್ತೆ, ಕೆಂಪು ಬಾಗುಕೊಂಬಿನ ಘೇಂಡಾ ಮಂಗಟ್ಟೆಯೂ ಸಿಗುತ್ತೆ. ಶಿರಸ್ತ್ರಾಣ ಮಂಗಟ್ಟೆ ಮಾತ್ರ ಕಿವಿಗೆ ಮೊದಲು. 'ಹೂ' ಅಂತ ಒಂದು, ತುಸು ಬಿಟ್ಟು ಇನ್ನೊಂದು, ಬರ್ತಾ ಬರ್ತಾ ಹತ್ತಿರ ಹತ್ತಿರ, ಕೊನೆಗೆ ಹುಚ್ಚು ನಗು. ಉಳಿದವುಗಳ ಕೊಂಬು ಟೊಳ್ಳು, ಇದರದ್ದು ಗಟ್ಟಿ, ದಂತದ ಹಾಗೆ ಕೆತ್ತಬಹುದು. ಅದೇ ಅದಕ್ಕೆ ಮುಳುವಾಯ್ತು. 8x42 ದುರ್ಬೀನು ತನ್ನಿ, 10x ದೋಣಿಯಲ್ಲಿ ನಡುಗುತ್ತೆ.

ಅತ್ತಿಮರ:
ಹಾಗಾದರೆ: ಸೆಪಿಲೊಕ್ 2, ಬಿಲಿತ್ 3, ಡಾನಮ್ 2, ಕೋಟ ಕಿನಬಾಲು 1. ಇನ್ನೇನಾದ್ರೂ ಮರೆತೆನಾ?

ಹಾರುಬೆಕ್ಕು:
ಕೊನೇ ರಾತ್ರಿ ಕೋಟ ಕಿನಬಾಲುವಿನಲ್ಲಿ ಇಟ್ಟದ್ದು ಸರಿ. ಲಹದ್ ದಾತು ವಿಮಾನ ಪ್ರೊಪೆಲರಿನದು, ಸಂಜೆ ಮಳೆಗೆ ತಡ ಆಗಬಹುದು, ಅದೇ ದಿನ ಅಂತರರಾಷ್ಟ್ರೀಯ ವಿಮಾನ ಇಟ್ಟುಕೊಳ್ಳಬೇಡಿ. ಲಗೇಜ್ ತೂಕದ ಮಿತಿ ಟಿಕೆಟಿನಲ್ಲಿ ನೋಡಿ. ಕೌಲಾಲಂಪುರದ ಮೂಲಕ ಬಂದರೂ ಸಬಾಕ್ಕೆ ಪ್ರತ್ಯೇಕ ವಲಸೆ ತಪಾಸಣೆ, ಪಾಸ್‌ಪೋರ್ಟ್ ಕೈಯಲ್ಲೇ ಇರಲಿ. ಡಿಜಿಟಲ್ ಆಗಮನ ಕಾರ್ಡ್ ಬರೋ ಮೂರು ದಿನದೊಳಗೆ ತುಂಬಬೇಕು. ನದಿ ಹಳ್ಳಿಯಲ್ಲಿ ಎಟಿಎಂ ನಂಬಬೇಡಿ, ರಿಂಗಿಟ್ ಸಂಡಾಕನ್‌ನಲ್ಲೇ ತೆಗೆಯಿರಿ. ಪ್ಲಗ್ ಮೂರು ಚೌಕ ಕಡ್ಡಿಯದು.

ವೈದ್ಯ_ಅಲೆಮಾರಿ:
ವಿಮೆ. ಪೂರ್ವ ಕರಾವಳಿ 2013ರಿಂದ ವಿಶೇಷ ಭದ್ರತಾ ವಲಯ. ಕೆಲವು ದೇಶಗಳ ಪ್ರಯಾಣ ಸೂಚನೆಯಲ್ಲಿ ಆ ಭಾಗಕ್ಕೆ ಎಚ್ಚರಿಕೆ ಇರುತ್ತೆ, ಅಂಥಾಗ ವಿಮೆ ಲಾಗೂ ಆಗದೆ ಹೋಗಬಹುದು. ಪಾಲಿಸಿಯ ಸಣ್ಣ ಅಕ್ಷರ ಓದಿ, ಸಂದೇಹ ಇದ್ದರೆ ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ಬಸವನಹುಳ:
ಡಾನಮ್ ಎರಡೇ ರಾತ್ರಿ ಸಾಲಲ್ಲ ಅಂತ ನನ್ನ ಅಂಬೋಣ. ಸೆಪಿಲೊಕ್‌ನಿಂದ ಒಂದು ಕಿತ್ತು ಅಲ್ಲಿಗೆ ಹಾಕಿ.

ಹಾರುಬೆಕ್ಕು:
ಹಾರುಬೆಕ್ಕು ಬಿಟ್ಟು? ಆಗಲ್ಲ.

ಮೀಂಚುಳ್ಳಿ:
ಕೊನೇದಾಗಿ ಒಂದು ಮಲಯ ವಾಕ್ಯ ಬಾಯಿಪಾಠ ಮಾಡಿ: 'ತೊಲೊಂಗ್ ಮತಿಕನ್ ಎಂಜಿನ್'. ದಯವಿಟ್ಟು ಎಂಜಿನ್ ಆರಿಸಿ ಅಂತ. ಮಂಗಗಳ ಮರದ ಕೆಳಗೆ ಬಂದಾಗ ಹೇಳಿ, ದೋಣಿಯವರೂ ಖುಷಿಪಡ್ತಾರೆ, ಕೊಂಬೆ ಮುರಿಯೋ ಸದ್ದೂ ಕೇಳುತ್ತೆ.

ತೆಂಕಣಗಾಳಿ:
ಇನ್ನೊಂದು ಶಬ್ದ ಕಲೀಲಿಕ್ಕೇ ಇಲ್ಲ. ದೋಣಿಯವ ಪಿಸುಮಾತಲ್ಲಿ 'ಗಜಾ' ಅಂದ್ರೆ ಅರ್ಥ ಕೇಳ್ತಾ ಕೂರ್ಬೇಡಿ, ದಡ ನೋಡಿ.